ಗ್ರಾಮೀಣ ಪ್ರದೇಶದ ಹದಿಹರೆಯದವರಿಗೆ ಸಾರ್ವಜನಿಕ ಗ್ರಂಥಾಲಯ ಸೇವೆ ಹಾಗೂ ಓದಿಗೆ ಸೂಚಿತ ಪುಸ್ತಕಗಳು: ಗುಡವಿ ಮತ್ತು ಸುತ್ತಲಿನ ಗ್ರಾಮಗಳ ನಾಗರಿಕರ ಮಾಹಿತಿಗಾಗಿ

ಶಿವಮೊಗ್ಗ ಜಿಲ್ಲೆಯ ಸೊರಬ ಹಾಗೂ ಶಿಕಾರಿಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ವಾಸಿಸುವ 13ರಿಂದ 18 ವರ್ಷ ವಯಸ್ಸಿನ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಗ್ರಂಥಾಲಯದ ಸದಸ್ಯತ್ವ ಪಡೆಯುವ ಕ್ರಮ, ಪುಸ್ತಕವನ್ನು ಮನೆಗೆ ಒಯ್ಯುವ ರೀತಿ, ಪುಸ್ತಕ ಕಳೆದುಹೋದಲ್ಲಿ ಅನುಸರಿಸಬೇಕಾದ ವಿಧಾನ, ಹಾಗೂ ಈ ವಯಸ್ಸಿನವರು ಕೇಳಿ ಪಡೆಯಬಹುದಾದ ಕೆಲವು ಕನ್ನಡ ಪುಸ್ತಕಗಳ ವಿವರ ಇದರಲ್ಲಿದೆ. ಪುಸ್ತಕಗಳ ಆಯ್ಕೆಯು ಸೂಚನೆ ಮಾತ್ರವಾಗಿದ್ದು, ಕಡ್ಡಾಯವಲ್ಲ.

ಯಾವ ಗ್ರಂಥಾಲಯ, ಯಾವ ಇಲಾಖೆ

ಗುಡವಿಯು ಸೊರಬ ಪಟ್ಟಣದಿಂದ ಸುಮಾರು 16 ಕಿ.ಮೀ. ದೂರದಲ್ಲಿದೆ. ಗ್ರಂಥಾಲಯವೆಂದರೆ ತಾಲ್ಲೂಕು ಕೇಂದ್ರದಲ್ಲಿರುವುದು ಮಾತ್ರ ಎಂಬ ಭಾವನೆ ಈ ಭಾಗದ ಅನೇಕ ಪೋಷಕರಲ್ಲಿದೆ. ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಹೋಗಿ ಬರುವುದು ಮಕ್ಕಳಿಗೆ ಸಾಧ್ಯವಿಲ್ಲವಾದ್ದರಿಂದ ವಿಷಯವನ್ನು ಅಲ್ಲಿಗೇ ಕೈಬಿಡಲಾಗುತ್ತದೆ. ಆದುದರಿಂದ ಹಳ್ಳಿಯ ಮಕ್ಕಳಿಗೆ ಮೊದಲ ಬಾಗಿಲು ತಾಲ್ಲೂಕು ಕೇಂದ್ರದ್ದಲ್ಲ, ತಮ್ಮದೇ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಗ್ರಂಥಾಲಯದ್ದು ಎಂಬುದನ್ನು ಗಮನಿಸುವುದು.

ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯು 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅನ್ವಯ ರೂಪುಗೊಂಡಿತು. ಸದರಿ ಅಧಿನಿಯಮದ ಮೇರೆಗೆ 1966ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಅಸ್ತಿತ್ವಕ್ಕೆ ಬಂದಿತು. ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳೂ ದೀರ್ಘಕಾಲ ಇದೇ ಇಲಾಖೆಯ ಅಧೀನದಲ್ಲಿದ್ದವು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಅಧಿಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಈಚೆಗೆ ಇವುಗಳನ್ನು ‘ಅರಿವು ಕೇಂದ್ರ’ ಎಂದು ಕರೆಯಲಾಗುತ್ತಿದೆ. ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯ ಮತ್ತು ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲಿಯೇ ಮುಂದುವರಿದಿವೆ. ಹಳೆಯ ನಾಮಫಲಕವನ್ನು ನೋಡಿಕೊಂಡು ಹಳ್ಳಿಯ ಗ್ರಂಥಾಲಯದ ಅಹವಾಲನ್ನು ಶಿವಮೊಗ್ಗಕ್ಕೆ ಬರೆಯುವವರು ಈಗಲೂ ಇದ್ದಾರೆ. ಅಂಥ ಅರ್ಜಿಯು ಒಂದು ಕಚೇರಿಯಿಂದ ಮತ್ತೊಂದಕ್ಕೆ ವರ್ಗಾವಣೆಯಾಗುವುದರಲ್ಲೇ ಕಾಲ ಕಳೆಯುತ್ತದೆ.

ಸದಸ್ಯತ್ವ

2020ರ ನವೆಂಬರ್ 14ರಂದು ಆರಂಭಿಸಲಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನ ಮಕ್ಕಳು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತವಾಗಿ ಸದಸ್ಯರಾಗಬಹುದು. ವಿದ್ಯಾರ್ಥಿಯ ಹೆಸರು, ವಯಸ್ಸು, ಶಾಲೆ ಅಥವಾ ಕಾಲೇಜು, ತರಗತಿ, ಪೋಷಕರ ಹೆಸರು ಮತ್ತು ವಿಳಾಸವನ್ನು ಗ್ರಂಥಾಲಯ ಮೇಲ್ವಿಚಾರಕರಲ್ಲಿ ನೋಂದಾಯಿಸಬೇಕು. ಪೋಷಕರು ಓದುಬರಹ ತಿಳಿದವರಾಗಿರಬೇಕೆಂಬ ನಿಬಂಧನೆ ಇಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿರುವ, ಅಥವಾ ಮಧ್ಯದಲ್ಲೇ ಶಾಲೆ ಬಿಟ್ಟ ಮಕ್ಕಳೂ ವಯೋಮಿತಿಯೊಳಗಿದ್ದಲ್ಲಿ ಹಿಂಜರಿಯದೆ ಬರಬೇಕು. ವಾಸ್ತವವಾಗಿ ಗ್ರಂಥಾಲಯದ ಅಗತ್ಯ ಹೆಚ್ಚಾಗಿರುವುದು ಇಂಥವರಿಗೇ.

ಈ ಉಚಿತ ಸೇವೆಯನ್ನು ಕೆಲವರು ಸರ್ಕಾರದ ಔದಾರ್ಯವೆಂದು ಭಾವಿಸಿ ಸಂಕೋಚಪಡುವುದುಂಟು. ಹಾಗೆ ಭಾವಿಸುವ ಕಾರಣವಿಲ್ಲ. ಮನೆ ಕಂದಾಯದ ರಸೀದಿಯನ್ನು ಗಮನಿಸಿದಲ್ಲಿ ಆರೋಗ್ಯ ಕರ, ಶಿಕ್ಷಣ ಕರಗಳೊಂದಿಗೆ ‘ಗ್ರಂಥಾಲಯ ಕರ’ ಎಂಬ ಬಾಬು ಕಂಡುಬರುತ್ತದೆ. ಆಸ್ತಿ ತೆರಿಗೆಯ ಮೇಲೆ ಇದರ ದರ ಶೇಕಡ 6. ಅಂದರೆ ಮನೆ ಕಂದಾಯ 500 ರೂಪಾಯಿ ಇದ್ದಲ್ಲಿ 30 ರೂಪಾಯಿ ಗ್ರಂಥಾಲಯದ ಲೆಕ್ಕಕ್ಕೆ ಸಂದಾಯವಾಗಿರುತ್ತದೆ. ಕರ ಕಟ್ಟಿದ ಮೇಲೆ ಮಗಳು ಪುಸ್ತಕ ತರುವುದು ಆ ಕುಟುಂಬದ ಹಕ್ಕು.

ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯದಲ್ಲಿ ಎರವಲು ಸದಸ್ಯತ್ವಕ್ಕೆ ನಿಗದಿತ ಅರ್ಜಿ ನಮೂನೆಯನ್ನು ಭರ್ತಿ ಮಾಡಿ, ಹಿಂತಿರುಗಿಸಲಾಗುವ ಭದ್ರತಾ ಠೇವಣಿಯನ್ನು ಪಾವತಿಸುವ ಪದ್ಧತಿ ಇದೆ. ಠೇವಣಿಯ ಮೊತ್ತವನ್ನು ಗ್ರಂಥಾಲಯದ ಸೂಚನಾ ಫಲಕದಲ್ಲಿ ನೋಡಿಕೊಳ್ಳುವುದು. ಪಾವತಿಸಿದ ರಸೀದಿಯನ್ನು ಜೋಪಾನವಾಗಿಡತಕ್ಕದ್ದು. ಸದಸ್ಯತ್ವ ಬಿಡುವಾಗ ಹಣ ಹಿಂಪಡೆಯಲು ಅದು ಅವಶ್ಯ. ಗ್ರಂಥಾಲಯದಲ್ಲೇ ಕುಳಿತು ಓದಲು ಸದಸ್ಯತ್ವವಾಗಲಿ ಠೇವಣಿಯಾಗಲಿ ಬೇಕಾಗಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ವಾರದ ರಜೆ ವಾಡಿಕೆಯಂತೆ ಸೋಮವಾರ. ಭಾನುವಾರ ತೆರೆದಿರುವುದರಿಂದ ಶಾಲಾ ಮಕ್ಕಳಿಗೆ ಅದೇ ಅನುಕೂಲದ ದಿನ.

ಪುಸ್ತಕವನ್ನು ಮನೆಗೆ ಒಯ್ಯುವುದು ಮತ್ತು ನಷ್ಟದ ಭಯ

ಎರವಲು ಪಡೆದ ಪುಸ್ತಕವನ್ನು ಸಾಮಾನ್ಯವಾಗಿ ಹದಿನೈದು ದಿನ ಇಟ್ಟುಕೊಳ್ಳಬಹುದು. ಬೇರೆ ಓದುಗರು ಕೇಳದಿದ್ದಲ್ಲಿ ಅವಧಿಯನ್ನು ನವೀಕರಿಸಿಕೊಳ್ಳಬಹುದು. ನಿಯಮ ಇಷ್ಟು ಸರಳವಾಗಿದ್ದರೂ ಹಳ್ಳಿಯ ಮಕ್ಕಳ ಪೈಕಿ ಅನೇಕರು ಪುಸ್ತಕವನ್ನು ಗ್ರಂಥಾಲಯದಲ್ಲೇ ತಿರುವಿ ಹಾಕಿ ಬರಿಗೈಯಲ್ಲಿ ಮನೆಗೆ ಮರಳುತ್ತಾರೆ. ಇದಕ್ಕೆ ಕಾರಣ ಅನಾಸಕ್ತಿಯಲ್ಲ. ಪುಸ್ತಕ ಹರಿದರೆ, ಒದ್ದೆಯಾದರೆ, ತಮ್ಮನೋ ತಂಗಿಯೋ ಗೀಚಿದರೆ ದಂಡ ಕಟ್ಟಬೇಕಾದೀತೆಂಬ ಭಯ ಒಂದು ಕಡೆ. ತನ್ನ ವಶದಲ್ಲಿರುವ ಪುಸ್ತಕ ಕಡಿಮೆಯಾದರೆ ತಾನೇ ಉತ್ತರ ಹೇಳಬೇಕಾದೀತೆಂಬ ಮೇಲ್ವಿಚಾರಕರ ಭಯ ಇನ್ನೊಂದು ಕಡೆ. ಈ ಎರಡು ಭಯಗಳ ನಡುವೆ ಪುಸ್ತಕವು ಕಪಾಟಿನಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ಕಳೆದುಹೋದ ಪುಸ್ತಕ ದಾಸ್ತಾನು ವಹಿಯಲ್ಲಿ ನಷ್ಟವಾಗಿ ಕಾಣುತ್ತದೆ. ಹತ್ತು ವರ್ಷ ಯಾರೂ ತೆರೆಯದೆ ಮಲೆನಾಡಿನ ತೇವಕ್ಕೆ ಬೂಸಲು ಹಿಡಿದ ಪುಸ್ತಕವು ಅದೇ ವಹಿಯಲ್ಲಿ ಪೂರ್ಣ ಬೆಲೆಯೊಂದಿಗೆ ಆಸ್ತಿಯಾಗಿಯೇ ಕಾಣುತ್ತದೆ. ಪುಸ್ತಕ ಸಿಗದೆ ಹಿಂದಿರುಗಿದ ವಿದ್ಯಾರ್ಥಿಯ ಹೆಸರು ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ. ಆದುದರಿಂದ ಗ್ರಂಥಾಲಯದ ಕಾರ್ಯವನ್ನು ದಾಸ್ತಾನು ವಹಿಯಿಂದಲ್ಲ, ಎರವಲು ವಹಿಯಿಂದ ಅಳೆಯುವುದು ಸೂಕ್ತ.

ಪುಸ್ತಕ ಕಳೆದಲ್ಲಿ ಅಥವಾ ಓದಲಾಗದಂತೆ ಹಾಳಾದಲ್ಲಿ ಅನುಸರಿಸಬೇಕಾದ ಸಾಮಾನ್ಯ ಕ್ರಮ ಹೀಗಿದೆ: ಕೂಡಲೇ ಮೇಲ್ವಿಚಾರಕರಿಗೆ ತಿಳಿಸುವುದು, ಅದೇ ಪುಸ್ತಕದ ಬೇರೊಂದು ಪ್ರತಿಯನ್ನು ತಂದುಕೊಡುವುದು ಅಥವಾ ಅದರ ಬೆಲೆಯನ್ನು ಪಾವತಿಸಿ ರಸೀದಿ ಪಡೆಯುವುದು. ಬಹುಪಾಲು ಕನ್ನಡ ಕಥೆ ಕಾದಂಬರಿಗಳ ಬೆಲೆ ಒಂದು ಕುಟುಂಬವನ್ನು ಕಂಗೆಡಿಸುವಷ್ಟಿಲ್ಲ. ಮುಚ್ಚಿಟ್ಟು ಗ್ರಂಥಾಲಯಕ್ಕೆ ಬರುವುದನ್ನೇ ಬಿಡುವುದು ಮಾತ್ರ ತಪ್ಪು ದಾರಿ. ಹೀಗೆ ಒಂದು ಪುಸ್ತಕದ ಜೊತೆ ಒಬ್ಬ ಓದುಗನೂ ಕಳೆದುಹೋಗುತ್ತಾನೆ.

ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ನಡೆದು ಹೋಗುವ ಮಕ್ಕಳು ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಾಟಿಚೀಲದ ನಡುವೆ ಇಡುವುದು ಒಳ್ಳೆಯದು. ಒದ್ದೆಯಾದ ಪುಸ್ತಕವನ್ನು ಒಲೆಯ ಮೇಲೆ ಕಾಯಿಸಬಾರದು, ಬಿಸಿಲಿಗೂ ನೇರವಾಗಿ ಒಡ್ಡಬಾರದು. ಹಾಳೆಗಳ ನಡುವೆ ಹಳೆಯ ವೃತ್ತಪತ್ರಿಕೆಯ ಚೂರುಗಳನ್ನಿಟ್ಟು ಗಾಳಿಯಾಡುವ ಕಡೆ ನೆರಳಿನಲ್ಲಿ ಒಣಗಿಸುವುದು.

ಹದಿಹರೆಯದವರು ಯಾವ ಕಪಾಟಿನಿಂದ ಓದಬೇಕು

ನಮ್ಮ ಗ್ರಂಥಾಲಯಗಳಲ್ಲಿ ಮಕ್ಕಳ ವಿಭಾಗವಿದೆ, ವಯಸ್ಕರ ವಿಭಾಗವಿದೆ. ನಡುವಿನವರಿಗೆ ಪ್ರತ್ಯೇಕ ಕಪಾಟು ಇರುವುದು ಅಪರೂಪ. ಎಂಟನೆಯ ತರಗತಿಯ ಹುಡುಗನಿಗೆ ಚಿತ್ರಕಥೆ ಸಾಲದು. ಕಾದಂಬರಿ ಕೇಳಿದರೆ ‘ದೊಡ್ಡವರಿಗೆ’ ಎಂಬ ಉತ್ತರ ಬರುತ್ತದೆ. ಹೀಗಾಗಿ ಅವನ ಪಾಲಿಗೆ ಉಳಿಯುವುದು ಪರೀಕ್ಷಾ ಮಾರ್ಗದರ್ಶಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೋತ್ತರ ಮಾತ್ರ. ಅವೂ ಬೇಕು, ನಿಜ. ಆದರೆ ಅವಷ್ಟೇ ಆದಲ್ಲಿ ಗ್ರಂಥಾಲಯವು ಪಾಠಪ್ರವಚನದ ಮತ್ತೊಂದು ಕೊಠಡಿಯಾಗುತ್ತದೆ. ಹದಿಮೂರು ದಾಟಿದವರಿಗೆ ವಯಸ್ಕರ ವಿಭಾಗದ ಪುಸ್ತಕಗಳನ್ನು ವಯಸ್ಸಿನ ಕಾರಣವೊಂದರಿಂದಲೇ ನಿರಾಕರಿಸುವುದು ಉಚಿತವಲ್ಲ. ಕೆಳಗೆ ಸೂಚಿಸಿರುವ ಬಹುತೇಕ ಪುಸ್ತಕಗಳು ಆ ವಿಭಾಗದಲ್ಲಿಯೇ ದೊರೆಯುವಂಥವು.

ಗುಡವಿಯ ಮಕ್ಕಳಿಗೆ ಮೊದಲು ಸೂಚಿಸತಕ್ಕದ್ದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು. ಇಲ್ಲಿನ ಕೆರೆಯು 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಮಳೆಗಾಲದಲ್ಲಿ ನೀರಿನ ನಡುವಿನ ಮರಗಳ ಮೇಲೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ಊರಿನವರಿಗೆ ಅದು ನಿತ್ಯದ ನೋಟವಾದ್ದರಿಂದ ವಿಶೇಷವೆನಿಸುವುದಿಲ್ಲ. ತೇಜಸ್ವಿಯವರ ‘ಮಿಂಚುಳ್ಳಿ’, ‘ಹಕ್ಕಿ ಪುಕ್ಕ’ ಮೊದಲಾದ ಪಕ್ಷಿ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಕೆರೆಯ ದಡಕ್ಕೆ ಹೋದ ವಿದ್ಯಾರ್ಥಿಗೆ ಓದುವುದು ಮತ್ತು ನೋಡುವುದು ಬೇರೆ ಬೇರೆ ಕೆಲಸಗಳಾಗಿ ಉಳಿಯುವುದಿಲ್ಲ. ಅವರ ‘ಪರಿಸರದ ಕತೆ’ ಸುಲಭವಾಗಿ ಓದಿಸಿಕೊಂಡು ಹೋಗುತ್ತದೆ. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ ಹಾಗೂ ಜೇನು ಹಿಡಿಯುವ ಮಂದಣ್ಣ ಸೇರಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕುತ್ತಾರೆ. ಶಾಲೆಯಲ್ಲಿ ಹಿಂದುಳಿದವನೆಂದು ಹೇಳಿಸಿಕೊಂಡ ಹುಡುಗನಿಗೆ ಮಂದಣ್ಣನ ಪಾತ್ರ ವಿಶೇಷವಾಗಿ ಹಿಡಿಸುತ್ತದೆ. ವಿಜ್ಞಾನಿಯ ಕಣ್ಣಿಗೆ ಅವನು ದಡ್ಡನಾಗಿ ಕಾಣುವುದಿಲ್ಲ. ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸೂಕ್ತ. ವಿದ್ಯಾರ್ಥಿಗಳೊಡನೆ ಸಸ್ಯಗಳನ್ನು ಹುಡುಕಿ ಕಾಡು ಅಲೆದ ಪ್ರಾಧ್ಯಾಪಕರ ಬರಹವಿದು. ಸಸ್ಯಶಾಸ್ತ್ರ ತಿಳಿಯದವರೂ ನಗುತ್ತಾ ಓದಬಹುದು. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

ಕೇಂದ್ರ ಸಾಹಿತ್ಯ ಅಕಾಡೆಮಿಯು ನೀಡುವ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃತಿಗಳಲ್ಲಿ ಕೆಲವು ಈ ವಯಸ್ಸಿಗೆ ಸರಿಹೊಂದುತ್ತವೆ. ನೆರೆಯ ಸಿದ್ದಾಪುರ ತಾಲ್ಲೂಕಿನ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022) ಮತ್ತು ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023) ಅಂಥವು. ನೆರೆಯ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಈ ಪುರಸ್ಕಾರ ಪಡೆಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಮನೆ ಗದ್ದೆ ಕಳೆದುಕೊಂಡ ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ಕಡೆ ನೆಲೆಸಿದವು. ಅಂಥ ಮನೆಗಳ ಮೊಮ್ಮಕ್ಕಳು ಇಂದು ನಮ್ಮ ಪ್ರೌಢಶಾಲೆಗಳಲ್ಲಿದ್ದಾರೆ. ಡಿಸೋಜ ಅವರ ‘ದ್ವೀಪ’ವನ್ನು ಓದಿದ ಮೇಲೆ ಮನೆಯ ಹಿರಿಯರನ್ನು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಅವರು 2025ರ ಜನವರಿಯಲ್ಲಿ ನಿಧನರಾದರು.

ಊರಿನ ಹಳಮೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಎರಡು ತಾಲ್ಲೂಕುಗಳಷ್ಟು ಸಮೃದ್ಧವಾದ ನೆಲ ವಿರಳ. ತಾಳಗುಂದ, ಬಳ್ಳಿಗಾವಿ, ಉಡುತಡಿ ಶಿಕಾರಿಪುರ ತಾಲ್ಲೂಕಿನವು, ಚಂದ್ರಗುತ್ತಿ ಸೊರಬದ್ದು, ಬನವಾಸಿ ಗುಡವಿಗೆ ಸಮೀಪ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಮಾಲೆಯಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಏಳನೆಯ ಸಂಪುಟದಲ್ಲಿಯೂ (1902), ಸೊರಬ ತಾಲ್ಲೂಕಿನವು ಎಂಟನೆಯ ಸಂಪುಟದಲ್ಲಿಯೂ (1904) ಅಚ್ಚಾಗಿವೆ. ಇವು ಪರಾಮರ್ಶನ ಗ್ರಂಥಗಳಾದ್ದರಿಂದ ಮನೆಗೆ ಕೊಡುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಅಥವಾ ದೊಡ್ಡ ಕಾಲೇಜು ಗ್ರಂಥಾಲಯದಲ್ಲಿ ಕೇಳಿ ನೋಡಬೇಕು. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಹಾಗೂ ಊರಿನ ಹೆಸರಿನೊಂದಿಗೆ ಮುದ್ರಿಸಿರುವುದರಿಂದ ತಮ್ಮ ಊರಿನ ಹೆಸರನ್ನು ಹುಡುಕುವುದು ಕಷ್ಟವಲ್ಲ. ದೇವಸ್ಥಾನದ ಹಿಂದೆ ದನ ಕಟ್ಟಲು ಬಳಕೆಯಾಗುತ್ತಿರುವ ಕಲ್ಲು ವೀರಗಲ್ಲೆಂದು ತಿಳಿದ ಮಕ್ಕಳು ಅದನ್ನು ಮುಂದೆ ಬೇರೆ ಕಣ್ಣಿನಿಂದ ನೋಡುತ್ತಾರೆ. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ಹನ್ನೆರಡನೆಯ ಶತಮಾನದಲ್ಲಿ ವಿದ್ಯೆ, ಅನ್ನ, ಔಷಧ ಮೂರನ್ನೂ ನೀಡಲಾಗುತ್ತಿತ್ತೆಂಬುದು ಶಾಸನದಿಂದಲೇ ತಿಳಿದುಬಂದ ಸಂಗತಿ.

ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಗ್ರಾಮ. 1943ರ ಮಾರ್ಚ್‌ನಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಲಾಯಿತು. ಅದೇ ಈಸೂರಿನಲ್ಲಿ 1926ರಲ್ಲಿ ಜನಿಸಿದ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಕವಿತೆಗಳನ್ನು, ಹಾಗೂ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’ ಪ್ರವಾಸ ಕಥನವನ್ನು ಹತ್ತನೆಯ ತರಗತಿಯವರು ಓದಬಹುದು.

ಕಷ್ಟದಿಂದ ಓದಿ ಮೇಲೆ ಬಂದವರ ಆತ್ಮಕಥೆಗಳು ಪರೀಕ್ಷೆಯ ಭಯದಲ್ಲಿರುವವರಿಗೆ ಮಾರ್ಗದರ್ಶಿ ಪುಸ್ತಕಕ್ಕಿಂತ ಹೆಚ್ಚಿನ ಸಹಾಯ ಮಾಡಬಲ್ಲವು ಎಂಬುದು ಈ ಶಾಖೆಯ ಅಭಿಪ್ರಾಯ. ಓದುವುದಕ್ಕಾಗಿ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’, ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಈ ಮೂರನ್ನು ಕೇಳಿ ಪಡೆಯಿರಿ. ‘ಊರುಕೇರಿ’ಯಲ್ಲಿ ದುಃಖದ ಜೊತೆಗೇ ನಗುವಿದೆ, ಮೊದಲು ಅದನ್ನೇ ಓದುವುದು ಮೇಲು.

ಹೆಣ್ಣುಮಕ್ಕಳ ಓದಿನ ಬಗ್ಗೆ

ಪ್ರೌಢಶಾಲೆ ಮುಗಿಯುತ್ತಿದ್ದಂತೆ ಗ್ರಂಥಾಲಯಕ್ಕೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಇಳಿಯುವುದನ್ನು ಮೇಲ್ವಿಚಾರಕರೆಲ್ಲರೂ ಬಲ್ಲರು. ಗಂಡಸರು ಪತ್ರಿಕೆ ಹರಡಿಕೊಂಡು ಕುಳಿತ ಕೊಠಡಿಗೆ ಒಬ್ಬಳೇ ಬರಲು ಹುಡುಗಿಗೆ ಸಂಕೋಚ. ಕಳುಹಿಸಲು ಮನೆಯವರಿಗೂ ಸಂಕೋಚ. ಇಂಥ ಸಂದರ್ಭದಲ್ಲಿ ತಾಯಿ, ತಂದೆ ಅಥವಾ ಸಹೋದರರು ಆಕೆಯ ಸದಸ್ಯತ್ವದ ಮೇಲೆಯೇ ಪುಸ್ತಕ ಒಯ್ದು ಹಿಂದಿರುಗಿಸಲು ಮೇಲ್ವಿಚಾರಕರು ಅವಕಾಶ ನೀಡುವುದು ಯುಕ್ತ. ಇಬ್ಬರು ಮೂವರು ಗೆಳತಿಯರು ಭಾನುವಾರ ಬೆಳಿಗ್ಗೆ ಒಟ್ಟಾಗಿ ಬರುವುದೂ ಒಂದು ಉಪಾಯ.

ತೀರ್ಥಹಳ್ಳಿಯಲ್ಲಿ ಜನಿಸಿದ ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’ ಹದಿಹರೆಯದ ಹುಡುಗಿಯರಿಗೆಂದೇ ಬರೆದ ಆರೋಗ್ಯ ಪುಸ್ತಕ. ದೇಹದಲ್ಲಾಗುವ ಬದಲಾವಣೆಗಳ ಕುರಿತು ಮನೆಯಲ್ಲಿ ಕೇಳಲಾಗದ್ದನ್ನು ಅದು ನೇರವಾಗಿ ತಿಳಿಸುತ್ತದೆ. ಇಂಥ ಪುಸ್ತಕ ಕೇಳಿದಾಗ ಕಾರಣ ವಿಚಾರಿಸದೆ, ಎಲ್ಲರೆದುರು ಹೆಸರು ಹೇಳದೆ ನೀಡುವುದು ಸಿಬ್ಬಂದಿಯ ಕರ್ತವ್ಯ. ಪುಸ್ತಕ ಹಳೆಯದಾದ್ದರಿಂದ ಔಷಧೋಪಚಾರದ ವಿಷಯದಲ್ಲಿ ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಮಲೆನಾಡಿನ ಬಾಲವಿಧವೆಯೊಬ್ಬಳ ಜೀವನ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಚಿಕ್ಕ ವಯಸ್ಸಿನಲ್ಲಿ ಮದುವೆಯಾದ ನಾದಿರಾಳ ಕಥೆ. ಇವು ಹುಡುಗಿಯರಿಗೆ ಮಾತ್ರ ಎಂದು ಭಾವಿಸಬೇಕಾಗಿಲ್ಲ, ಹುಡುಗರೂ ಓದಲಿ.

ಪರಾಮರ್ಶನ ಗ್ರಂಥ ಮತ್ತು ಗಣಕಯಂತ್ರ

ನಿರಂಜನರ ಸಂಪಾದಕತ್ವದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ ಮುಂತಾದವು ಹಳೆಯ ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ವಿವರಣೆಯ ಸೊಗಸಿಗೆ ಇಂದಿಗೂ ಇವು ಮಾದರಿ. ಅಂಕಿ ಅಂಶಗಳನ್ನು ಮಾತ್ರ ಈಗಿನ ಪಠ್ಯಪುಸ್ತಕದೊಡನೆ ತಾಳೆ ನೋಡಬೇಕು. ಉದಾಹರಣೆಗೆ, 2006ಕ್ಕೆ ಮುಂಚಿನ ಪುಸ್ತಕಗಳಲ್ಲಿ ಪ್ಲೂಟೊ ಗ್ರಹಗಳ ಸಾಲಿನಲ್ಲಿಯೇ ಇರುತ್ತದೆ. ಹಲವು ಅರಿವು ಕೇಂದ್ರಗಳಿಗೆ ಗಣಕಯಂತ್ರ ಒದಗಿಸಲಾಗಿದೆ. ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಕೈಕೊಡುವ ಊರುಗಳಲ್ಲಿ ಅಚ್ಚಾದ ಪುಸ್ತಕವೇ ಭರವಸೆಯದ್ದು.

ಬೇಕಾದ ಪುಸ್ತಕ ಇಲ್ಲದಿದ್ದಲ್ಲಿ

ಮೇಲೆ ಹೆಸರಿಸಿದ ಎಲ್ಲ ಪುಸ್ತಕಗಳೂ ಪ್ರತಿಯೊಂದು ಗ್ರಂಥಾಲಯದಲ್ಲಿ ಇರುತ್ತವೆಂದು ಹೇಳಲಾಗದು. ಇಲ್ಲದಿದ್ದಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರನ್ನು ಸಲಹಾ ವಹಿಯಲ್ಲಿ ಬರೆದು ಸಹಿ ಮಾಡಬೇಕು. ಬಾಯಿಮಾತಿನ ಬೇಡಿಕೆಯು ಖರೀದಿ ಪಟ್ಟಿ ತಯಾರಿಸುವ ಹೊತ್ತಿಗೆ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ವಿದ್ಯಾರ್ಥಿಗಳೇ ಎದ್ದು ನಿಂತು ಪುಸ್ತಕಗಳ ಬೇಡಿಕೆ ಸಲ್ಲಿಸಬಹುದು. ಅದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂಬುದನ್ನು ಖಾತ್ರಿಪಡಿಸಿಕೊಳ್ಳುವುದು. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೂ ಇದಕ್ಕೆ ತಕ್ಕ ಸಮಯ. ಓದಿ ಮುಗಿಸಿದ ಒಳ್ಳೆಯ ಪುಸ್ತಕಗಳನ್ನು ದಾನ ನೀಡಲಿಚ್ಛಿ‌ಸುವವರಿಂದ ‘ಪುಸ್ತಕ ಜೋಳಿಗೆ’ ಅಭಿಯಾನದಡಿ ಸ್ವೀಕರಿಸಲಾಗುತ್ತದೆ. ಹಳೆಯ ಗೈಡುಗಳನ್ನು, ಹರಿದ ಪಠ್ಯಗಳನ್ನು ದಯವಿಟ್ಟು ತರಬೇಡಿ.

ಸದಸ್ಯತ್ವ ಅಥವಾ ಪುಸ್ತಕವನ್ನು ಸಕಾರಣವಿಲ್ಲದೆ ನಿರಾಕರಿಸಿದಲ್ಲಿ, ನಿಗದಿತ ವೇಳೆಯಲ್ಲಿ ಗ್ರಂಥಾಲಯ ತೆರೆಯದಿದ್ದಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಸಂಬಂಧಿಸಿದಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ತದನಂತರ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ಮನವಿ ಸಲ್ಲಿಸಬೇಕು. ಶಾಖಾ ಗ್ರಂಥಾಲಯದ ವಿಷಯವಾದಲ್ಲಿ ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಬರೆಯುವುದು. ತಮ್ಮ ಪಂಚಾಯಿತಿಯಲ್ಲಿ ವಸೂಲಾದ ಗ್ರಂಥಾಲಯ ಕರವೆಷ್ಟು, ಅದರಲ್ಲಿ ಪುಸ್ತಕ ಖರೀದಿಗೆ ವೆಚ್ಚವಾದದ್ದೆಷ್ಟು ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ 30 ದಿನಗಳೊಳಗೆ ಪಡೆಯಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಪಡಿತರ ಚೀಟಿಯ ಪ್ರತಿಯನ್ನು ಲಗತ್ತಿಸಿದರೆ ಸಾಕು. ಯಾವುದೇ ಅರ್ಜಿಯ ಒಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಅರ್ಜಿದಾರರು ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು.